ಚಂದಾದಾರ: ಪಟ್ಟಿ ಯಾರ ಕೈಯಲ್ಲಿ?

ಮುಂಬಯಿಯ ಪವಾಯಿ ಬಡಾವಣೆಯ ಯಾವುದೇ ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ, ಪತ್ರಿಕೆ ತರಿಸಲು ವರ್ಷಕ್ಕೊಮ್ಮೆ ಕಟ್ಟುವ ಹಣಕ್ಕೆ ಏನೆನ್ನುತ್ತಾರೆ ಎಂದು ವಿಚಾರಿಸಿದರೆ ಮಹಡಿಗೊಂದು ಉತ್ತರ ಸಿಕ್ಕೀತು. ಮರಾಠಿಯವರಿಗೆ ಅದು ವರ್ಗಣಿ, ಕಟ್ಟಿದವರು ವರ್ಗಣಿದಾರರು. ಗುಜರಾತಿಯವರು ಲವಾಜಮ್ ಅನ್ನುತ್ತಾರೆ, ಅರಬ್ಬಿಯಲ್ಲಿ ‘ಬೇಕೇಬೇಕಾದ ಸಾಮಗ್ರಿ’ ಎಂಬ ಅರ್ಥದ ಮಾತಿನಿಂದ ಬಂದದ್ದು. ಮಲಯಾಳಿಗಳ ಮನೆಯಲ್ಲಿ ವರಿಸಂಖ್ಯ. ಪತ್ರಿಕೆ ತರಿಸುವವನು ವರಿಕ್ಕಾರನ್. ತಮಿಳರು ಸಂದಾ ಎಂದರೆ ತೆಲುಗರೂ ನಾವೂ ಚಂದಾ.

ಹಿಂದಿಯವರಿಗೂ ಚಂದಾ ಉಂಟು, ಆದರೆ ಅದರ ಜಾತಕವೇ ಬೇರೆ. ಅಲ್ಲಿ ಚಂದಾ ಎಂದರೆ ಮೊದಲು ಹೊಳೆಯುವುದು ದೇಣಿಗೆ: ಗಣೇಶೋತ್ಸವ ಮಂಡಲದ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದು ಕೇಳುವುದು, ಪಕ್ಷಗಳು ಉದ್ಯಮಿಗಳಿಂದ ಪಡೆಯುವುದು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿದ ಮೇಲೆ ಹಿಂದಿ ವಾಹಿನಿಗಳಲ್ಲಿ ಕಿವಿಗೆ ಬಿದ್ದದ್ದು ಇದೇ ಚಂದಾ, ಅದೂ ‘ಧಂದಾ’ದೊಡನೆ ಪ್ರಾಸಗೂಡಿ. ಕನ್ನಡದಲ್ಲೂ ಗಣಪತಿ ಕೂರಿಸಲು ಚಂದಾ ಎತ್ತುವುದು ಇದ್ದೇ ಇದೆ. ಆದರೂ ‘ಚಂದಾದಾರ’ ಎಂದೊಡನೆ ನಮಗೆ ಕಾಣುವುದು ಓದುವವನು, ಅವನ ವಿಳಾಸ, ಅಂಚೆಯಲ್ಲಿ ಬಂದ ಸುರುಳಿ. ಇದೇ ಮಾತು ಈಗ, ಬೇರೆ ಬೇರೆ ತಾಣಗಳ ಹೊಸ ಬರಹಗಳನ್ನು ಒಂದೆಡೆ ತಂದು ತೋರಿಸುವ ಕಂಪ್ಯೂಟರಿನ ಫೀಡ್ ರೀಡರ್‌ಗೂ ಬಂದು ಕುಳಿತಿದೆ. ಒಂದು ಪೈಸೆ ಕೊಡದೆ, ಹೆಸರನ್ನೂ ಹೇಳದೆ ನಾವು ಅಲ್ಲಿ ‘ಚಂದಾದಾರ’ರಾಗುತ್ತೇವೆ. ಮಾತು ಸವೆದು ಸುಳ್ಳಾಯಿತೇ ಎಂದು ನನಗೂ ಮೊದಲು ಅನ್ನಿಸಿತ್ತು. ಅದರ ಬೇರು ಕೆದಕಿದ ಮೇಲೆ ಹಾಗನ್ನಿಸುತ್ತಿಲ್ಲ.

ಮೂಲ ಪಾರಸಿಯ ‘ಚಂದ್’. ಅರ್ಥ, ಎಷ್ಟು, ಕೆಲವು, ಹಲವು. ಹಿಂದಿ–ಉರ್ದುವಿನಲ್ಲಿ ‘ಚಂದ್ ರೋಜ್’ ಎಂದರೆ ಇಂದಿಗೂ ಕೆಲವೇ ದಿನ. ಈ ‘ಚಂದ್’ಗೆ ಒಂದು ಪ್ರತ್ಯಯ ಸೇರಿ ‘ಚಂದಾ’. ಕೆಲವರು ಸೇರಿ ಕೊಟ್ಟದ್ದು ಎಂದಾದರೂ ಬಿಡಿಸಬಹುದು, ಕೆಲವೇ ಕಾಸು ಎಂದಾದರೂ ಬಿಡಿಸಬಹುದು, ಎರಡೂ ಒಪ್ಪುತ್ತವೆ. ಒಬ್ಬನೇ ದಾನಿ ಗಂಟು ಬಿಚ್ಚಿ ಸುರಿದದ್ದು ಚಂದಾ ಆಗುವುದಿಲ್ಲ. ಅಲ್ಪವಾಗಿರಬೇಕು, ಹಲವರದ್ದಾಗಿರಬೇಕು. ತಮಾಷೆಯೆಂದರೆ ಇಂದಿನ ಇರಾನಿನಲ್ಲಿ ಪತ್ರಿಕೆಯ ಚಂದಾಕ್ಕೆ ಈ ಮಾತಿಲ್ಲ. ಅವರು ‘ಇಶ್ತಿರಾಕ್’ ಎಂಬ ಅರಬ್ಬಿ ಮಾತು ಬಳಸುತ್ತಾರೆ, ಪಾಲುಗೊಳ್ಳುವುದು ಎಂದು ಅದರ ಅರ್ಥ. ಪಾರಸಿಯ ಬೀಜ ಈ ಫಲ ಬಿಟ್ಟದ್ದು ನಮ್ಮ ನೆಲದಲ್ಲಿ.

ನಮ್ಮ ‘ಚಂದ’ಕ್ಕೂ ಇದಕ್ಕೂ ನಂಟಿಲ್ಲ. ಚಂದಾಮಾಮನಿಗೂ ಇಲ್ಲ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂದ ಆ ಮಕ್ಕಳ ಮಾಸಿಕದ ‘ಚಂದಾ’ ಸಂಸ್ಕೃತದ ಚಂದ್ರನಿಂದ ಇಳಿದವನು. ಚಂದಾಮಾಮನಿಗೆ ಚಂದಾ ಕಟ್ಟಿದ ಮನೆಗಳಲ್ಲಿ ಎರಡೂ ಒಂದೇ ಎಂದುಕೊಂಡು ಬೆಳೆದ ಮಕ್ಕಳಿದ್ದರೆ ಆಶ್ಚರ್ಯವಿಲ್ಲ.

ಚಂದಾ ಕನ್ನಡಕ್ಕೆ ಒಂಟಿಯಾಗಿ ಬಂದದ್ದಲ್ಲ, ಒಂದು ಇಡೀ ದಫ್ತರದ ಜೊತೆ ಬಂದದ್ದು. ಬಹಮನಿ, ಆದಿಲಶಾಹಿ ಆಡಳಿತ, ಪೇಶ್ವೆಯರ ಮರಾಠಿ, ಹೈದರ್–ಟಿಪ್ಪುವಿನ ಕಾಲದ ಮೈಸೂರು, ಇವೆಲ್ಲ ಕಂದಾಯದ ಲೆಕ್ಕಕ್ಕೆ ಬೇಕಾದ ಪಾರಸಿ–ಅರಬ್ಬಿ ಮಾತುಗಳನ್ನು ಹಳ್ಳಿಯ ಶಾನುಭೋಗರ ಕಡತದವರೆಗೂ ಇಳಿಸಿದವು. ಅರ್ಜಿ, ತಾರೀಖು, ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ. ಇವುಗಳಲ್ಲಿ ಕಡೆಯ ಎರಡು ನನಗೆ ಬಹಳ ಇಷ್ಟ. ‘ರಸೀದ್’ ಎಂದರೆ ಪಾರಸಿಯಲ್ಲಿ ‘ತಲುಪಿತು’. ವಸೂಲಿಯ ಮೂಲವಾದ ‘ವುಸೂಲ್’ ಅರಬ್ಬಿಯಲ್ಲಿ ‘ತಲುಪುವುದು’. ಚಂದಾ ವಸೂಲಿ ಮಾಡಿ ರಸೀದಿ ಕೊಡುವ ಮಂಡಲದ ಹುಡುಗ ತನಗೇ ಗೊತ್ತಿಲ್ಲದಂತೆ ಎರಡು ಭಾಷೆಯಲ್ಲಿ ಎರಡು ಸಲ ‘ಬಂತು, ಬಂತು’ ಎನ್ನುತ್ತಿರುತ್ತಾನೆ. ಇಂಥ ಎರವಲುಗಳನ್ನೇ ಹೆಕ್ಕಿ ‘ಎರವಲು ಪದಕೋಶ’ ಮಾಡಿದ ಜಿ. ವೆಂಕಟಸುಬ್ಬಯ್ಯನವರು ಪರಭಾಷೆಯ ಮಾತುಗಳನ್ನು ಎಂದೂ ಕಳಂಕವೆಂದು ನೋಡಿದವರಲ್ಲ.

ಹಾಗಾದರೆ ನಮ್ಮಲ್ಲಿ ಮಾತೇ ಇರಲಿಲ್ಲವೇ? ಇತ್ತು. ವಂತಿಗೆ. ವಂತು ಎಂದರೆ ಪಾಲು. ಪಾಲಿಗೆ ಬಂದಷ್ಟನ್ನು ಕೊಡುವುದು ವಂತಿಗೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಊರ ಜಾತ್ರೆಗೆ, ಬಯಲಾಟಕ್ಕೆ ವಂತಿಗೆ ಕೂಡಿಸುವುದು ಕರಾವಳಿಯಲ್ಲಿ ಇಂದಿಗೂ ಇದೆ. ಚೊಕ್ಕ ಮಾತು. ಆದರೆ ಅದಕ್ಕೆ ಬಂದ ಗತಿ ನೋಡಿ. ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ಖಾಸಗಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಸೀಟಿಗೆ ಇಷ್ಟು ಎಂದು ಪಡೆಯುತ್ತಿದ್ದ ಕ್ಯಾಪಿಟೇಶನ್ ಹಣಕ್ಕೆ ಪತ್ರಿಕೆಗಳು ‘ವಂತಿಗೆ’ ಎಂದೇ ಬರೆದವು. ‘ವಂತಿಗೆ ಹಾವಳಿ’ ಮನೆಮಾತಾಯಿತು. 1984ರಲ್ಲಿ ಕರ್ನಾಟಕ ಅದನ್ನು ನಿಷೇಧಿಸುವ ಕಾಯ್ದೆ ತಂದಿತು, 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನು ತಳ್ಳಿಹಾಕಿತು. ಕೋರ್ಟು ಪದ್ಧತಿಗೆ ಶಿಕ್ಷೆ ಕೊಟ್ಟೀತು, ಮಾತಿಗೆ ಹತ್ತಿದ ಮಸಿ ಒರೆಸಲಾರದು. ಕಲಿಸುವುದಕ್ಕೆ ಸಂಬಂಧಪಟ್ಟ ಯಾವುದಕ್ಕೂ ವಂತಿಗೆ ಎನ್ನಲು ನನ್ನ ತಲೆಮಾರಿನವರ ನಾಲಿಗೆ ಈಗಲೂ ತಡೆಯುತ್ತದೆ. ಹಿಂದಿಯ ಚಂದಾ ಪಕ್ಷಗಳ ಪಾಲಾಯಿತು, ಕನ್ನಡದ ವಂತಿಗೆ ಕಾಲೇಜುಗಳ ಪಾಲಾಯಿತು. ಕನ್ನಡದ ಚಂದಾ ಮಾತ್ರ ಪತ್ರಿಕೆಯ ಆಸರೆಯಲ್ಲಿ ಮಾನ ಉಳಿಸಿಕೊಂಡಿತು.

ಆ ಆಸರೆಯಾದರೂ ದೊಡ್ಡದೇನಲ್ಲ. ಮುಂಬಯಿಯಲ್ಲಿ ಫರ್ದೂನ್ಜಿ ಮರ್ಜಬಾನ್ ಗುಜರಾತಿಯ ‘ಮುಂಬಯಿ ಸಮಾಚಾರ’ವನ್ನು ಹೊರಡಿಸಿದ್ದು 1822ರ ಜುಲೈ 1ರಂದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಎಂಬ ಪಾಕ್ಷಿಕ ತಂದದ್ದು 1843ರ ಜುಲೈ 1ರಂದು. ಕನ್ನಡದ ಮೊದಲ ಪತ್ರಿಕೆ, ನಮ್ಮ ಪತ್ರಿಕಾ ದಿನಾಚರಣೆಯ ಲೆಕ್ಕ ಅಲ್ಲಿಂದ. ಮೊದಲನೆಯದು ಈಗಲೂ ನಡೆಯುತ್ತಿದೆ, ಎರಡನೆಯದು ಮರುವರ್ಷವೇ ಬಳ್ಳಾರಿಗೆ ಹೋಗಿ ಹೆಸರು ಬದಲಿಸಿಕೊಂಡಿತು. ಅಲ್ಲಿಂದ ಮುಂದಿನ ಕನ್ನಡ ಪತ್ರಿಕೆಗಳ ಚರಿತ್ರೆ ಬಹುಪಾಲು ಚಂದಾದ ಚರಿತ್ರೆ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಪುಸ್ತಕಗಳಿಗೂ ಚಂದಾ ಪದ್ಧತಿ ತಂದಿತು. ಮೊದಲೇ ಹಣ ಕಟ್ಟಿ, ಬರಲಿರುವ ಪುಸ್ತಕ ಯಾವುದೆಂದು ಪೂರ್ತಿ ಗೊತ್ತಿಲ್ಲದೆ ಕಾಯುವ ಓದುಗರು ಇದ್ದರು ಎಂಬುದೇ ಇವತ್ತಿಗೆ ಕಥೆಯಂತೆ ಕೇಳುತ್ತದೆ.

ಮುಂಬಯಿ ಕನ್ನಡಿಗರ ಪತ್ರಿಕೆಗಳು ಇನ್ನೊಂದು ಬಗೆ. ‘ಮೊಗವೀರ’, ಬಿಲ್ಲವರ ‘ಅಕ್ಷಯ’, ಬಂಟರ ಸಂಘದ ‘ಬಂಟರವಾಣಿ’, ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ‘ನೇಸರು’, ಕರ್ನಾಟಕ ಸಂಘದ ‘ಸ್ನೇಹಸಂಬಂಧ’. ಇವು ಸಂಘದ ಪತ್ರಿಕೆಗಳು; ಸದಸ್ಯತ್ವವೂ ಚಂದಾವೂ ಇಲ್ಲಿ ಅಕ್ಕಪಕ್ಕದ ಮನೆಯವು. ಇಂಥ ಕಚೇರಿಗಳಿಂದ ಹುಟ್ಟಿದ ಒಂದು ಪುಟ್ಟ ಪರಿಭಾಷೆಯೇ ಇದೆ: ವಾರ್ಷಿಕ ಚಂದಾ, ಆಜೀವ ಚಂದಾ, ಬಿಡಿ ಪ್ರತಿ, ಹಿಂಬಾಕಿ, ಚಂದಾ ಸಂಖ್ಯೆ, ನವೀಕರಣ, ವಿ.ಪಿ.ಪಿ. ‘ಆಜೀವ’ದಲ್ಲಿ ಒಂದು ಗೂಢವಿದೆ. ಯಾರ ಜೀವ ಇರುವ ತನಕ? ಓದುಗನದ್ದೋ ಪತ್ರಿಕೆಯದ್ದೋ? ಸಣ್ಣ ಪತ್ರಿಕೆಗಳ ವಿಷಯದಲ್ಲಿ ಓದುಗನೇ ಹೆಚ್ಚು ಬಾಳಿದ್ದಾನೆ.

ಇಂಗ್ಲಿಷಿನವರು ‘ಸಬ್‌ಸ್ಕ್ರೈಬ್’ ಎನ್ನುವುದರಲ್ಲಿ ಹಣವೂ ಇಲ್ಲ, ಹಲವರೂ ಇಲ್ಲ. ಲ್ಯಾಟಿನಿನಲ್ಲಿ ಅದು ‘ಕೆಳಗೆ ಬರೆ’, ಅಂದರೆ ಕರಾರಿನ ಅಡಿಯಲ್ಲಿ ಸಹಿ ಹಾಕು. ಅವರಲ್ಲಿ ಹೀಗೆ ಸಹಿ ಪಡೆದು ಅಚ್ಚಾದ ಮೊದಲ ಪುಸ್ತಕವೆಂದು ಹೇಳುವುದು 1617ರಲ್ಲಿ ಜಾನ್ ಮಿನ್‌ಶೂ ಹೊರತಂದ ಬಹುಭಾಷಾ ನಿಘಂಟನ್ನು, ಪದಗಳ ಹುಟ್ಟು ಹುಡುಕುವ ನಿಘಂಟು ಅದು. ಪದಜಿಜ್ಞಾಸೆ ಬರೆಯುವವರ ಹೊಟ್ಟೆಪಾಡು ಆಗಲೂ ಚಂದಾದ ಮೇಲೇ ನಿಂತಿತ್ತು ಎಂಬುದು ನನಗೆ ಸಮಾಧಾನದ ಸಂಗತಿ.

ಇನ್ನು ಫೀಡ್. 1999ರ ಮಾರ್ಚಿನಲ್ಲಿ ನೆಟ್‌ಸ್ಕೇಪ್ ಕಂಪನಿ, ಬೇರೆ ಬೇರೆ ತಾಣಗಳ ಹೊಸ ಬರಹಗಳ ತಲೆಬರಹಗಳನ್ನು ತನ್ನ ಪುಟದಲ್ಲಿ ತೋರಿಸುವುದಕ್ಕಾಗಿ ಒಂದು ಕಡತದ ನಮೂನೆ ಬಿಡುಗಡೆ ಮಾಡಿತು. ಅದನ್ನು ರೂಪಿಸಿದವರಲ್ಲಿ ಒಬ್ಬರು ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ, ಇನ್ನೊಬ್ಬರು ಡ್ಯಾನ್ ಲಿಬ್ಬಿ. ಹೆಸರು ಆರ್‌ಎಸ್‌ಎಸ್. ನಮ್ಮ ದೇಶದಲ್ಲಿ ಈ ಮೂರಕ್ಷರ ಬೇರೆಯವರ ಸ್ವತ್ತಾದ್ದರಿಂದ, ‘ನಾನು ಆರೆಸ್ಸೆಸ್‌ನಲ್ಲಿ ಓದಿದೆ’ ಎಂದು ಸಭೆಯಲ್ಲಿ ಹೇಳುವ ಮೊದಲು ಅಕ್ಕಪಕ್ಕ ನೋಡಿಕೊಳ್ಳುವುದು ಒಳ್ಳೆಯದು. ಆ ಅಕ್ಷರಗಳಿಗೆ ಮೂರು ಬೇರೆ ಬೇರೆ ವಿಸ್ತರಣೆ ಕೊಟ್ಟು ಜಗಳವಾಡಿದವರು ಆಮೇಲೆ ಬಂದರು. ಡೇವ್ ವೈನರ್ 2002ರಲ್ಲಿ ಅದರ 2.0 ಆವೃತ್ತಿ ತಂದರು. ಆ ಜಗಳ ಸಾಕೆಂದವರು 2005ರಲ್ಲಿ ಆಟಮ್ ಎಂಬ ಇನ್ನೊಂದು ನಮೂನೆಯನ್ನು ಅಧಿಕೃತಗೊಳಿಸಿದರು. ಬಳಸುವವರಿಗೆ ಎರಡೂ ಒಂದೇ.

ಫೀಡ್ ಎಂದರೆ ಉಣಿಸು. ಈ ಹೆಸರೇ ದಾರಿ ತಪ್ಪಿಸುವಂಥದ್ದು, ಏಕೆಂದರೆ ಅಲ್ಲಿ ಯಾರೂ ಯಾರಿಗೂ ಉಣಿಸುವುದಿಲ್ಲ. ತಾಣದಲ್ಲಿ ಒಂದು ವಿಳಾಸಕ್ಕೆ ಒಂದು ಕಡತ ಇರುತ್ತದೆ: ಬರಹದ ಹೆಸರು, ಕೊಂಡಿ, ಸಾರಾಂಶ, ತಾರೀಖು, ಗುರುತು ಸಂಖ್ಯೆ. ಹೊಸದು ಬಂದಾಗ ಅದು ಮೇಲೆ ಸೇರುತ್ತದೆ. ನಿಮ್ಮ ಫೀಡ್ ರೀಡರ್, ದಿನಕ್ಕೆ ನಾಲ್ಕಾರು ಸಲ ಅಂಚೆ ಕಚೇರಿಗೆ ಹೋಗಿ ‘ನಮ್ಮ ಮನೆಗೇನಾದರೂ ಬಂದಿದೆಯೇ’ ಎಂದು ಕೇಳಿ ಬರುವ ಮನೆಯ ಹುಡುಗನಂತೆ, ಆ ವಿಳಾಸಕ್ಕೆ ಹೋಗಿ ವಿಚಾರಿಸುತ್ತದೆ. ಹಿಂದಿನ ಸಲ ನೋಡಿದ ಮೇಲೆ ಏನೂ ಬದಲಾಗಿಲ್ಲವಾದರೆ ಅಲ್ಲಿಯ ಕಂಪ್ಯೂಟರ್ 304 ಎಂಬ ಒಂದು ಅಂಕಿ ಹೇಳಿ ಕಳಿಸಿಬಿಡುತ್ತದೆ. ಬದಲಾಗಿದ್ದರೆ ಕಡತ ಬರುತ್ತದೆ. ಕೇಳಿದ್ದು ಯಾವ ಮನೆಯ ಹುಡುಗ ಎಂದು ಬರೆದಿಟ್ಟುಕೊಳ್ಳುವ ಕಟ್ಟಳೆ ಇಲ್ಲ. ಪಾಡ್‌ಕಾಸ್ಟ್ ಎನ್ನುವುದೂ ಇದೇ ಕಡತ. ಬರಹದ ಜಾಗದಲ್ಲಿ ಧ್ವನಿಯ ಕೊಂಡಿ, ಅಷ್ಟೆ.

ಇಲ್ಲಿ ‘ದಾರ’ದ ವಿಷಯ ಎತ್ತಬೇಕು. ಚಂದಾದಾರದ ಈ ಬಾಲ ಪಾರಸಿಯ ‘ದಾಶ್ತನ್’ ಧಾತುವಿನದು; ಅರ್ಥ ಹಿಡಿ, ಹೊಂದಿರು. ಇದು ನಮ್ಮ ‘ಧರ’ನ ಸ್ವಂತ ದಾಯಾದಿ. ಇರಾನಿ ಕವಲಿನಲ್ಲಿ ಇಂಥ ಮಹಾಪ್ರಾಣಗಳು ಉಳಿಯಲಿಲ್ಲ, ನಮ್ಮ ಭ್ರಾತೃ ಅಲ್ಲಿ ಬರಾದರ್ ಆದಂತೆ ಧರ ದಾರ್ ಆಯಿತು. ಗಿರಿ ಹಿಡಿದವನು ಗಿರಿಧರ, ಗಂಗೆಯನ್ನು ಹಿಡಿದವನು ಗಂಗಾಧರ, ಜಮೀನು ಹಿಡಿದವನು ಜಮೀನ್ದಾರ. ಕನ್ನಡ ಈ ಬಾಲವನ್ನು ತನ್ನ ಮಾತುಗಳಿಗೂ ಧಾರಾಳವಾಗಿ ಅಂಟಿಸಿತು: ಪಾಲುದಾರ, ಗುತ್ತಿಗೆದಾರ, ಬಾಡಿಗೆದಾರ. ‘ಗಾರ’ಕ್ಕೂ ‘ದಾರ’ಕ್ಕೂ ಇರುವ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಹಾಡುಗಾರ, ಮಾತುಗಾರ, ಬೇಟೆಗಾರ ಏನನ್ನೋ ಮಾಡುವವರು. ಪಾಲುದಾರ, ಹಕ್ಕುದಾರ ಏನನ್ನೋ ಕೈಯಲ್ಲಿ ಹಿಡಿದವರು.

ಹಾಗಿದ್ದರೆ ಹಳೆಯ ಚಂದಾದಾರ ಹಿಡಿದಿದ್ದಾದರೂ ಏನನ್ನು? ಒಂದು ರಸೀದಿಯನ್ನು. ಪಟ್ಟಿ ಇದ್ದದ್ದು ಪತ್ರಿಕೆಯ ಕಚೇರಿಯಲ್ಲಿ, ಮ್ಯಾನೇಜರರ ಲೆಡ್ಜರಿನಲ್ಲಿ. ಯಾರು ಓದುಗರು, ಯಾರ ಅವಧಿ ಮುಗಿಯಿತು, ಯಾರ ಮನೆ ಬದಲಾಯಿತು, ಎಲ್ಲವೂ ಅಲ್ಲಿ. ಚಾಳಿನಿಂದ ಫ್ಲ್ಯಾಟಿಗೆ, ಪರೇಲಿನಿಂದ ಪವಾಯಿಗೆ ಮನೆ ಬದಲಿಸಿದವರು ಕಾರ್ಡು ಬರೆದು ತಿಳಿಸದಿದ್ದರೆ ಪತ್ರಿಕೆ ಹಳೆಯ ವಿಳಾಸಕ್ಕೇ ಹೋಗುತ್ತಿತ್ತು. ಫೀಡ್ ಬಂದ ಮೇಲೆ ಲೆಡ್ಜರು ಓದುಗನ ಕೈಗೆ ಬಂತು. ಪತ್ರಿಕೆಗೆ ಓದುಗ ಗೊತ್ತಿಲ್ಲ. ಓದುಗನಿಗೆ ತಾನು ಯಾವ ಯಾವುದಕ್ಕೆ ಚಂದಾದಾರ ಎಂದು ಗೊತ್ತು. ಆ ಪಟ್ಟಿಯನ್ನು ಓಪಿಎಂಎಲ್ ಎಂಬ ಒಂದು ಸಣ್ಣ ಕಡತವಾಗಿ ಇಳಿಸಿಕೊಂಡು ಒಂದು ರೀಡರಿನಿಂದ ಇನ್ನೊಂದಕ್ಕೆ ಒಯ್ಯಬಹುದು. ಎಷ್ಟೋ ಕಾಲದಿಂದ ಹೆಸರಿಗಷ್ಟೇ ಅಂಟಿಕೊಂಡಿದ್ದ ‘ದಾರ’ಕ್ಕೆ ಅರ್ಥ ಬಂದದ್ದು ಇಲ್ಲಿ.

ಇದು ಎಷ್ಟು ಮುಖ್ಯ ಎಂದು ಜನಕ್ಕೆ ಅರಿವಾದದ್ದು ಗೂಗಲ್ ರೀಡರ್ ಮುಚ್ಚಿದಾಗ. 2005ರ ಅಕ್ಟೋಬರಿನಲ್ಲಿ ಶುರುವಾಗಿದ್ದ ಅದನ್ನು ನಿಲ್ಲಿಸುವುದಾಗಿ ಗೂಗಲ್ 2013ರ ಮಾರ್ಚಿನಲ್ಲಿ ಪ್ರಕಟಿಸಿತು. ನಿಲ್ಲಿಸಿದ ದಿನ ಜುಲೈ 1. ಮಂಗಳೂರ ಸಮಾಚಾರಕ್ಕೆ ಅಂದಿಗೆ ಸರಿಯಾಗಿ 170 ವರ್ಷ. ಕಾಕತಾಳೀಯವೇ, ಒಪ್ಪಿದೆ, ಆದರೂ ನಮ್ಮ ಪತ್ರಿಕಾ ದಿನದಂದೇ ಹಾಗಾದದ್ದು ಕಚಗುಳಿ ಇಡುತ್ತದೆ. ಮುಚ್ಚಿದರೂ ಓದುಗರು ಪೂರ್ತಿ ಬೀದಿಗೆ ಬೀಳಲಿಲ್ಲ. ಪಟ್ಟಿ ಇಳಿಸಿಕೊಂಡು ಫೀಡ್ಲಿಗೋ ಇನೋರೀಡರಿಗೋ ನ್ಯೂಸ್‌ಬ್ಲರ್‌ಗೋ ಹೋದರು. ಸಾಮಾಜಿಕ ಜಾಲತಾಣಗಳಲ್ಲಿ ‘ಫಾಲೋ’ ಮಾಡುವವರಿಗೆ ಈ ಸೌಲಭ್ಯ ಸುಲಭಕ್ಕಿಲ್ಲ. ಅಲ್ಲಿ ಲೆಡ್ಜರು ಮತ್ತೆ ಮ್ಯಾನೇಜರರ ಕೈಗೆ ಹೋಗಿದೆ, ಯಾವ ಸಂಚಿಕೆ ಯಾವಾಗ ಕೊಡಬೇಕೆಂಬುದನ್ನೂ ಅವರೇ ತೀರ್ಮಾನಿಸುತ್ತಾರೆ.

ಪವಾಯಿ ಇಂಥ ವಿಷಯಕ್ಕೆ ಹೊಸ ಊರೇನಲ್ಲ. 1958ರಲ್ಲಿ ಶುರುವಾದ ಇಲ್ಲಿಯ ಐಐಟಿ, 1986ರಲ್ಲಿ ದೇಶದ ಶಿಕ್ಷಣ ಸಂಸ್ಥೆಗಳನ್ನು ಜೋಡಿಸಲು ಹೊರಟ ಅರ್ನೆಟ್ ಯೋಜನೆಯ ಎಂಟು ಪಾಲುದಾರರಲ್ಲಿ ಒಂದು. ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು ಅದಾಗಿ ಒಂಬತ್ತು ವರ್ಷಕ್ಕೆ. ಇಂಥ ಕಡೆ ಸಂಶೋಧನೆ ಮಾಡುವವರಿಗೆ ಫೀಡ್ ಹೇಳಿ ಮಾಡಿಸಿದ್ದು. 1991ರಿಂದ ನಡೆಯುತ್ತಿರುವ ‘ಆರ್‌ಕೈವ್’ ಎಂಬ ಪ್ರಬಂಧ ಭಂಡಾರ ವಿಷಯವಾರು ಫೀಡ್ ಕೊಡುತ್ತದೆ. ಭೌತವಿಜ್ಞಾನದ ಒಂದು ಕವಲಿನಲ್ಲಿ ನಿನ್ನೆ ಏನು ಬಂತು ಎಂಬುದನ್ನು ಇವತ್ತು ಚಹಾ ಹೀರುತ್ತಾ ನೋಡಿ ಮುಗಿಸಬಹುದು. ಓದುಗನ ಸಮಯ ಉಳಿಸಿ ಎಂಬುದನ್ನು ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದಾಗಿ 1931ರಲ್ಲೇ ಬರೆದಿಟ್ಟ ಎಸ್. ಆರ್. ರಂಗನಾಥನ್ ಇದನ್ನು ಮೆಚ್ಚುತ್ತಿದ್ದರೇನೋ.

ನನ್ನ ಬಳಕೆ ಅಷ್ಟು ಘನವಾದದ್ದಲ್ಲ. ಮನೆಯಲ್ಲಿ ಕನ್ನಡ ಕೇಳುವ, ಹೊರಗೆ ಹಿಂದಿ–ಮರಾಠಿ ಆಡುವ, ಇಂಗ್ಲಿಷಿನಲ್ಲಿ ಓದುವ ಪವಾಯಿಯ ಕೆಲವು ಮಕ್ಕಳಿಗೆ ಭಾನುವಾರ ಕನ್ನಡ ಅಕ್ಷರ ಕಲಿಸುತ್ತೇನೆ. ಅವರಿಗೆ ಪಠ್ಯಪುಸ್ತಕದ ಗದ್ಯ ಬೇಸರ. ಹಾಗಾಗಿ ವಾರವಿಡೀ ನನ್ನ ರೀಡರಿನಲ್ಲಿ ಬಂದದ್ದರಲ್ಲಿ ಒಂದು ಸಣ್ಣ ಬರಹ ಆರಿಸಿ, ತಾರೀಖಿನ ಸಮೇತ ಅಚ್ಚು ಹಾಕಿಸಿ ಕೊಡುತ್ತೇನೆ. ಕನ್ನಡ ವಿಕಿಪೀಡಿಯದ ‘ಇತ್ತೀಚಿನ ಬದಲಾವಣೆಗಳು’ ಪುಟಕ್ಕೂ ಫೀಡ್ ಇದೆ; ಯಾರೋ ಒಬ್ಬರು ಒಂದು ವಾಕ್ಯ ತಿದ್ದಿದ್ದನ್ನು, ಮೊದಲಿನದು ಮತ್ತು ತಿದ್ದಿದ್ದು ಎರಡನ್ನೂ ಪಕ್ಕಪಕ್ಕ ತೋರಿಸಿದರೆ ವ್ಯಾಕರಣದ ಪಾಠ ತಾನಾಗಿ ನಡೆಯುತ್ತದೆ. ಯೂಟ್ಯೂಬಿನ ಚಾನೆಲ್‌ಗಳಿಗೂ ಫೀಡ್ ವಿಳಾಸ ಇದೆ ಎಂದು ಹೆಚ್ಚಿನ ಶಿಕ್ಷಕರಿಗೆ ಗೊತ್ತಿರುವುದಿಲ್ಲ. ಹೊಸ ವಿಡಿಯೊ ಬಂದದ್ದು ಅಲ್ಲಿ ತಿಳಿಯುತ್ತದೆ; ತಾಣದ ಮುಖಪುಟಕ್ಕೆ ಹೋಗಿ, ಬೇಡದ ಹತ್ತು ವಿಡಿಯೊಗಳ ಸಾಲು ದಾಟಿ ಹುಡುಕಬೇಕಾಗಿಲ್ಲ. ಐಐಟಿಯವರ ‘ಸ್ಪೋಕನ್ ಟ್ಯುಟೋರಿಯಲ್’ ಕನ್ನಡದಲ್ಲೂ ಇರುವುದು ದೊಡ್ಡ ಮಕ್ಕಳಿಗೆ ಉಪಯೋಗಕ್ಕೆ ಬಂದಿದೆ, ಕಂಪ್ಯೂಟರ್ ಪಾಠ ಕನ್ನಡದಲ್ಲಿ ಕೇಳುವಾಗ ಅವರಿಗೆ ಬರುವ ನಗು ಆಮೇಲೆ ನಿಲ್ಲುತ್ತದೆ.

ಸ್ವಂತ ಓದಿಗೆ ನಾನು ಕಂಡುಕೊಂಡ ನಿಯಮ ಒಂದೇ. ದಿನಕ್ಕೆ ನೂರು ಸುದ್ದಿ ಸುರಿಯುವ ತಾಣಕ್ಕೆ ಫೀಡ್ ಬೇಡ. ಅದಕ್ಕೆ ಪೇಪರ್‌ವಾಲಾ ಸಾಕು. ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಬರೆಯುವವರಿಗೇ ಫೀಡ್. ಅವರನ್ನು ನೆನಪಿಟ್ಟುಕೊಂಡು ಹೋಗಿ ನೋಡುವುದು ಆಗದ ಮಾತು, ಗದ್ದಲದ ಜಾಲತಾಣಗಳಲ್ಲಿ ಅವರ ಧ್ವನಿ ಕೇಳುವುದೂ ಇಲ್ಲ. ವಿವೇಕ ಶಾನಭಾಗರ ‘ದೇಶ ಕಾಲ’ 2005ರಿಂದ 2012ರವರೆಗೆ ತ್ರೈಮಾಸಿಕವಾಗಿ ಬರುತ್ತಿದ್ದಾಗ ಕಾಯುವುದಕ್ಕೂ ಒಂದು ಲಯ ಇತ್ತು. ಅಂಥ ನಿಧಾನದ ಬರವಣಿಗೆಯನ್ನು ಜಾಲದಲ್ಲಿ ಹಿಡಿದುಕೊಳ್ಳಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ.

ಆದರೆ ಚಂದಾದ ಮೊದಲ ಅರ್ಧ ಎಲ್ಲಿ ಹೋಯಿತು? ‘ದಾರ’ ನಿಜವಾಯಿತು, ‘ಚಂದ್’ ಇಲ್ಲವಾಯಿತು. ಹಲವರು ಸೇರಿ ಹಾಕಬೇಕಿದ್ದ ಆ ಕೆಲವು ಕಾಸನ್ನು ಯಾರೂ ಹಾಕುತ್ತಿಲ್ಲ. ಪಟ್ಟಿ ನಮ್ಮ ಕೈಗೆ ಬಂದದ್ದಕ್ಕೆ ನಾವು ಖುಷಿಪಟ್ಟೆವು, ಆ ಕಡೆ ಬರೆಯುವವನ ಕೈಯಲ್ಲಿ ಏನೂ ಉಳಿಯಲಿಲ್ಲ. ಅನೇಕ ಪತ್ರಿಕೆಗಳು ಫೀಡಿನಲ್ಲಿ ಈಗ ಎರಡು ಸಾಲು ಮಾತ್ರ ಕೊಟ್ಟು ಮಿಕ್ಕದ್ದನ್ನು ತಾಣಕ್ಕೆ ಬಂದು ಓದಿ ಎನ್ನುವುದು ಇದೇ ಕಾರಣಕ್ಕೆ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ.

ಇತ್ತೀಚೆಗೆ ಒಂದು ನಡುದಾರಿ ಹುಟ್ಟಿಕೊಂಡಿದೆ. ಹಣ ಕಟ್ಟಿದ ಪ್ರತಿ ಓದುಗನಿಗೂ, ಪ್ರತಿ ಕೇಳುಗನಿಗೂ ಅವನದೇ ಆದ ಒಂದು ಖಾಸಗಿ ಫೀಡ್ ವಿಳಾಸ ಕೊಡುತ್ತಾರೆ. ಉದ್ದನೆಯ ಅಕ್ಷರ–ಅಂಕಿಗಳ ಸರ, ಒಬ್ಬರದ್ದು ಇನ್ನೊಬ್ಬರಿಗಿಲ್ಲ. ಪಾಡ್‌ಕಾಸ್ಟಿನವರು ಇದನ್ನು ಹೆಚ್ಚಾಗಿ ಬಳಸುತ್ತಾರೆ. ನಾನೂ ಅಂಥ ಒಂದಕ್ಕೆ ವರ್ಷದ ಹಣ ಕಟ್ಟಿದ್ದೇನೆ, ರಸೀದಿ ಇಮೇಲಿನಲ್ಲಿ ಬಂದಿದೆ. ಆ ವಿಳಾಸ ನನ್ನ ಪಟ್ಟಿಯಲ್ಲೂ ಇದೆ, ಅವರ ಲೆಡ್ಜರಿನಲ್ಲೂ ಇದೆ. ನನ್ನ ಹುಡುಗ ಹೋಗಿ ಕೇಳಿದಾಗ ಅವನು ಯಾವ ಮನೆಯವನು ಎಂದು ಅವರಿಗೆ ಈಗ ಗೊತ್ತಾಗುತ್ತದೆ. ಮುಂದಿನ ವರ್ಷ ಕಟ್ಟದಿದ್ದರೆ ಅವನು ಬರಿಗೈಯಲ್ಲಿ ವಾಪಸಾಗುತ್ತಾನೆ.